ಹೊನ್ನೂರಿ ರುಮಾಲು, ಕುರುಗೋಡಿನ ಚಳಿ

ಹೋದ ವಾರ ಸಿರುಗುಪ್ಪದಿಂದ ಬಳ್ಳಾರಿಗೆ ಬರಾಕ ಸುತ್ತು ಹೊಡಿಯೋ ಬಸ್ಸು ಹತ್ತಿದ್ದೆ. ಕುರುಗೋಡಿನಾಗ ಒಬ್ಬಾಕಿ ಹೊಸಾ ಗಾದಿ ಸುರುಳಿ ಸುತ್ತಿ ತಂದು ನನ್ನ ಕಾಲಿಗೆ ಒರಗಿಸಿ ನಿಲ್ಲಿಸಿದ್ಲು. ಬಿಸಿಲಿಗೆ ಕಾಯಿಸಿದ ಹತ್ತಿ ವಾಸನಿ ಗಮ್ಮಂತ ಮೂಗಿಗೆ ಬಡೀತು. ಆ ವಾಸನಿ ಅಂದ್ರ ಬಾಳ ಮಂದಿಗೆ ಹಿತ. ನಾನು ಸೆರಗಿಲೆ ಮೂಗು ಮುಚ್ಚಿಕೊಂಡೆ. "ಯಾಕಜ್ಜಿ, ತ್ರಾಸ ಆತೇನು? ಗಾದಿ ಆಚಿ ಇಡ್ಲೇನು?" ಅಂದ್ಲು ಆಕಿ. "ಇರ್ಲಿ ಬಿಡವ್ವ, ನಿನ್ನ ಗಾದಿ ನನಗೇನು ಮಾಡೀತು" ಅಂದೆ. ಕಿಟಕಿಯಾಗ ಕುರುಗೋಡಿನ ಗುಡ್ಡ ಕಾಣಿಸ್ತು. ಬರೀ ಕಲ್ಲು, ಕಲ್ಲಿನ ಮ್ಯಾಲೆ ಕಲ್ಲು. ಆ ಗುಡ್ಡದ ಬುಡದಾಗ ನಾನೊಂದು ಚಳಿಗಾಲ ಕಳದೀನಿ. ಅಂಥಾದ್ದು ನನ್ನ ವೈರಿಗೂ ಬರೋದು ಬ್ಯಾಡ.

ದೊಡ್ಡ ಯುದ್ಧ ನಡದಿದ್ದ ಕಾಲ ಅದು. ಯುದ್ಧ ಎಲ್ಲಿ ನಡದಿತ್ತೋ ಯಾರ ಮ್ಯಾಲೆ ನಡದಿತ್ತೋ ನಮಗ ತಿಳೀತಿರಲಿಲ್ಲ. ನಮಗ ಅದು ತಿಳಿದಿದ್ದು ಬಟ್ಟಿಯಾಗ. ಬಟ್ಟಿ ಕಂಟ್ರೋಲು, ಸೀಮೆಎಣ್ಣಿ ಕಂಟ್ರೋಲು, ಸರ್ಕಾರ ಅಳದು ಕೊಟ್ಟಷ್ಟ ಸಿಗೋದು. ಸೀರಿ ಹರದ್ರ ಹೊಲಕೊಳ್ಳೋದು, ಹೊಲಿಗಿ ಹರದ್ರ ಮತ್ತ ಹೊಲಕೊಳ್ಳೋದು, ಹಂಗ ನಡದಿತ್ತು ಬದುಕು.

ನಾವು ಪಿಂಜಾರರು. ಬಳ್ಳಾರಿ ಕೌಲ್ ಬಜಾರದಾಗ ಮನಿ. ಹತ್ತಿ ಹಿಂಜಿ ಗಾದಿ, ರಜಾಯಿ, ತಲಿದಿಂಬು ತುಂಬೋದು ಕಸುಬು. ದೀಪಾವಳಿ ಮುಗದು ಚಳಿ ಬಿತ್ತಂದ್ರ ಮನಿಗೆ ಕೀಲಿ ಹಾಕಿ ಹಳ್ಳಿ ಹಿಡೀತಿದ್ವಿ. ನಮ್ಮನಿಯವರ ಹೆಗಲ ಮ್ಯಾಲೆ ಆಳುದ್ದ ಬಿಲ್ಲು, ನಮ್ಮತ್ತಿ ಕಂಕುಳಾಗ ಸೂಜಿ ದಾರದ ಗಂಟು, ನನ್ನ ಸೊಂಟದಾಗ ಕೂಸು. ಯಾರ ಮನಿ ಕೆಲಸ ಇರ್ತಿತ್ತೋ ಅವರು ಕೊಟ್ಟ ಕೋಣಿಯಾಗ ವಸ್ತಿ. ಬಿಲ್ಲಿನ ನರ ಹತ್ತಿಗೆ ತಾಗಿಸಿ ಕಟ್ಟಿಗಿಲೆ ಬಡದ್ರ ಟುಂಯ್ ಟುಂಯ್ ಅಂತ ಹತ್ತಿ ಎಳಿ ಎಳಿ ಬಿಚ್ಚಿ ಹಾರಿ ಬೀಳ್ತಿತ್ತು. ಆ ಸಪ್ಪಳ ಕೇಳಿ ಓಣಿ ಹೆಣ್ಣುಮಕ್ಕಳು ತಮ್ಮ ಹಳೇ ಗಾದಿ ಹೊತ್ಕೊಂಡು ಬರ್ತಿದ್ರು.

ನಮ್ಮತ್ತಿ ಹುಸೇನವ್ವ ಅಂದ್ರ ಕುರುಗೋಡು, ಸಿರುಗುಪ್ಪ ಸುತ್ತ ದೊಡ್ಡ ಹೆಸರು. ಆ ಹೆಸರು ಹೊಲಿಗಿಯಿಂದ ಬಂದಿದ್ದಲ್ಲ, ನೀತಿಯಿಂದ ಬಂದಿದ್ದು. "ಗಿರಾಕಿ ಹತ್ತಿ ಅಂದ್ರ ಅಮಾನತ್ತು ಲೇ, ನಂಬಿ ಕೊಟ್ಟ ಒಡವಿ" ಅಂತಿದ್ಲು. ದಿನಾ ಸಂಜಿಕಿ ಕೆಲಸ ಮುಗೀತಂದ್ರ ನನ್ನ ಎದುರಿಗೆ ಕುಂದ್ರಿಸಿಕೊಂಡು ನನ್ನ ಕೂದಲಾಗ, ಸೀರಿ ನೆರಿಗ್ಯಾಗ ಸಿಕ್ಕಿದ್ದ ಹತ್ತಿ ಎಳಿ ಹೇನು ಹೆಕ್ಕಿದಂಗ ಹೆಕ್ಕಿ, ಗಿರಾಕಿ ರಾಶಿಗೆ ವಾಪಸ್ ಹಾಕ್ತಿದ್ಲು. ನನಗ ಸಿಟ್ಟು ಬರ್ತಿತ್ತು. "ಅತ್ತಿ, ಇಷ್ಟರಾಗ ಇರುವಿಗೂ ಒಂದು ದಿಂಬು ಆಗಂಗಿಲ್ಲರೀ" ಅಂದ್ರ, "ಬಾಯಿ ಮುಚ್ಚಲೇ, ಕಳ್ಳತನಕ್ಕ ಸಣ್ಣದು ದೊಡ್ಡದು ಅಂತ ಇಲ್ಲ" ಅಂತಿದ್ಲು. ಅದಕ್ಕ ಮಂದಿ ಹತ್ತಿ ತೂಗದ ಆಕಿ ಕೈಗೆ ಕೊಡ್ತಿದ್ರು. ಬ್ಯಾರೆ ಯಾವ ಪಿಂಜಾರರಿಗೂ ಹಂಗ ಕೊಡ್ತಿರಲಿಲ್ಲ.

ನಾನು ಹೇಳಾಕ ಹೊಂಟ ಚಳಿಗಾಲದ ಹಿಂದಿನ ಚಳಿಗಾಲಕ್ಕ ಸಿರುಗುಪ್ಪದಾಗ ನನ್ನ ಮೊದಲನೇ ಮಗ ಹೋಗಿಬಿಟ್ಟ. ಹೊಳಿ ಕಾಲುವಿ ಊರದು, ಸುತ್ತ ಭತ್ತದ ಗದ್ದಿ, ನೆಲಕ್ಕ ಕಾಲಿಟ್ರ ತಣ್ಣಗ ಕೊರೀತಿತ್ತು. ಮಗ ರಾತ್ರಿ ರಜಾಯಿ ಒದ್ದು ಬಿಟ್ಟಾನ, ದಿನಾ ಸೂಜಿ ಹಿಡದು ಸೋತ ನನಗ ಎಚ್ಚರ ಆಗಿಲ್ಲ. ಥಂಡಿ ಎದಿಗಿಳೀತು, ಉಳೀಲಿಲ್ಲ. ಅಲ್ಲೇ ಮಣ್ಣು ಮಾಡಿ ಬಂದ್ವಿ. ಅವತ್ತಿನಿಂದ ನಮ್ಮತ್ತಿ ಬಾಯಾಗ ನನಗೊಂದ ಹೆಸರು: ನಿದ್ದಿಬಡಕಿ. "ಎದ್ದು ಹೊದಿಸಿದ್ರ ಉಳೀತಿತ್ತು" ಅಂತ ಬಂದೋರು ಹೋದೋರ ಮುಂದ ಅಂದಿದ್ದು ಅಂದಿದ್ದೇ. ಹೆತ್ತ ಹೊಟ್ಟಿ ನಂದು, ಉರೀತಿದ್ದು ನಂದು, ಮ್ಯಾಲೆ ಉಪ್ಪು ಸುರಿಯೋದು ಆಕಿ. ಒಂದಿನ ನಾನೂ ತಿರುಗಿ ಅಂದೆ, "ಅದ ಮನಿಯಾಗ ನೀವೂ ಮಲಗಿದ್ರಿ ಅಲ್ಲೇನು?" ಆಮ್ಯಾಲೆ ವಾರಗಟ್ಟಲೆ ನಾನು ಬಡಿಸಿದ್ದು ಉಣ್ಣಲಿಲ್ಲ, ತಾನ ಬಡಿಸಿಕೊಂಡ್ಲು.

ಉಳಿದಾಕಿ ಮಗಳು ಹೊನ್ನೂರಿ ಒಬ್ಬಾಕಿ. ಆಗಷ್ಟ ಓಡಾಡಾಕ ಕಲ್ತಿದ್ಲು, ಮಾತು ಒಂದೊಂದ ಒಡದಿದ್ವು. ಆಕಿಗೆ ಜೀವಕ್ಕಿಂತ ಹೆಚ್ಚಿಂದು ಅವರಪ್ಪನ ಒಂದು ಹಳೇ ಕೆಂಪು ರುಮಾಲು. ಒಗದು ಒಗದು ಬಣ್ಣ ಹೋಗಿ, ಹಿಟ್ಟು ಸಾಣಿಸೋವಷ್ಟು ತೆಳ್ಳಗ ಆಗಿತ್ತು. ಅದಕ್ಕ ಆಕಿ "ಮಾಲು" ಅಂತಿದ್ಲು. ಅದರ ಅಂಚು ಮುಷ್ಟಿಯಾಗ ಹಿಡದು, ಮೂಗಿನ ಕೆಳಗ ತಿಕ್ಕೊಂತ ತಿಕ್ಕೊಂತ ನಿದ್ದಿ ಹೋಗ್ತಿದ್ಲು. ಮಾಲು ಇಲ್ಲಂದ್ರ ಊರು ಎದ್ದು ಕುಂದ್ರಬೇಕು, ಹಂಗ ಅಳೋದು. ಅಷ್ಟ ಆಗಿದ್ರ ನಡೀತಿತ್ತು ಬಿಡ್ರಿ, ಯಾವ ಕೂಸಿಗೆ ಹಟ ಇರಂಗಿಲ್ಲ. ಇವಳದು ಏನಂದ್ರ, ಮೈಮ್ಯಾಲೆ ಮಾಲು ಒಂದ ಇರಬೇಕು. ಅದರ ಮ್ಯಾಲೆ ಒಂದು ಕೌದಿ ಎಳೀರಿ, ಒದೀತಿದ್ಲು. ರಜಾಯಿ ಹೊದಿಸ್ರಿ, ಎರಡೂ ಕಾಲಿಲೆ ಒದ್ದು ದೂರ ತಳ್ಳತಿದ್ಲು. ನಿದ್ದಿ ಹತ್ತಿದ ಮ್ಯಾಲೆ ಮೆಲ್ಲಕ ಹೊದಿಸಿದ್ರ, ಹೆಂಗ ಗೊತ್ತಾಗ್ತಿತ್ತೋ, ಎದ್ದು ಕುಂತು "ಮಾಲು, ಮಾಲು" ಅಂತ ಚೀರೋಳು. ಊರಿಗೆಲ್ಲ ಬೆಚ್ಚಗ ಹೊದಿಸೋರ ಮನಿ ಕೂಸು ಗೇಣು ಚಿಂದಿ ಹೊದ್ದು ನಡುಗತಿತ್ತು. ನಮ್ಮತ್ತಿ ಹಣಿ ಬಡಕೊಂಡು, "ಲೋಕಕ್ಕೆಲ್ಲ ಶಕುನ ಹೇಳೋ ಹಲ್ಲಿ ತಾನ ಬಚ್ಚಲಾಗ ಬಿತ್ತಂತ" ಅಂತಿದ್ಲು.

ಆ ವರ್ಷ ಸಿರುಗುಪ್ಪಕ್ಕ ಹೋಗಾಕ ನನ್ನ ಕಾಲು ಏಳಲಿಲ್ಲ. ಕುರುಗೋಡಿಗೆ ಹೋದ್ವಿ. ಅಲ್ಲಿ ಒಬ್ಬ ಗೌಡರ ಮನಿಯಾಗ ಮಗಳ ಮದುವಿ ಇತ್ತು. ಮದುಮಕ್ಕಳ ಗಾದಿಗಂತ ತಮ್ಮ ಹೊಲದಾಗ ಮೊದಲು ಬಿಡಿಸಿದ ಹತ್ತಿ ತೆಗದಿಟ್ಟಿದ್ರು. ಗೌಡಸಾನಿ ಅದಕ್ಕ ಅರಿಶಿಣ ಕುಂಕುಮ ಮುಟ್ಟಿಸಿ ನಮ್ಮತ್ತಿ ಮುಂದ ಇಟ್ಟು, "ಹುಸೇನವ್ವ, ನನ್ನ ಮದುವಿ ಗಾದಿ ತುಂಬಿದ ಕೈ ನಿಂದು. ಮಗಳದೂ ನೀನ ತುಂಬಬೇಕು" ಅಂದ್ರು. ಮದುವಿ ಹತ್ತಿಗೆ ನೇಮ ಬಾಳ. ಮದುಮಕ್ಕಳಿಗಿಂತ ಮೊದಲು ಅದರ ಮ್ಯಾಲೆ ಯಾರೂ ಕುಂದ್ರಬಾರದು, ಮಲಗಬಾರದು, ಬೆಕ್ಕು ಸೈತ ದಾಟಬಾರದು. ಜಡ್ಡು ಇದ್ದೋರ ನೆರಳಂತೂ ಬೀಳಬಾರದು. ನಮ್ಮತ್ತಿ ದಿನಾ ಮೈ ತೊಳಕೊಂಡ ಮ್ಯಾಲೇ ಅದನ್ನ ಮುಟ್ಟತಿದ್ಲು.

ನಮಗ ಕೊಟ್ಟಿದ್ದು ಗೌಡರ ಮನಿ ಹಿತ್ತಲ ಕಲ್ಲಿನ ಕೋಣಿ. ನೆಲ ಕಲ್ಲು, ಗೋಡಿ ಕಲ್ಲು, ಮಾಳಿಗಿಗೂ ಕಲ್ಲಿನ ಹಾಸು. ಹಗಲೆಲ್ಲ ಕಾಯೋ ಗುಡ್ಡ ಹೊತ್ತು ಮುಳುಗಿದ ಮ್ಯಾಲೆ ಹೆಂಗ ತಣ್ಣಗಾಗತೈತಿ ಅಂತ ಅಲ್ಲಿ ಮಲಗಿದೋರಿಗೇ ಗೊತ್ತು. ಊರಿನೋರೆಲ್ಲ ಮೂಲ್ಯಾಗ ಕೆಂಡದ ಗಡಿಗಿ ಇಟ್ಕೊಂಡು ಮಲಗ್ತಿದ್ರು. ನಾವು ಇಡಂಗಿರಲಿಲ್ಲ. ಹಿಂಜಿದ ಹತ್ತಿ ಇದ್ದ ಕೋಣಿಗೆ ಒಂದು ಕಿಡಿ ಬಿದ್ರ ಮುಗೀತು. ದೀಪ ಸೈತ ಬಾಗಲ ಹೊರಗ ಇಡೋದು ಪಿಂಜಾರರ ಪದ್ಧತಿ. ಗೌಡರ ಮನಿ ಒಳಗ ನಮ್ಮನ್ನ ಮಲಗಾಕ ಕರಿಯೋ ಮಾತು ಆ ಕಾಲಕ್ಕ ಇರಲಿಲ್ಲ, ನಾವೂ ಕೇಳಲಿಲ್ಲ.

ಹೊನ್ನೂರಿಗೆ ಕೆಮ್ಮು ಸುರು ಆತು. ಮಗನಿಗೂ ಹಿಂಗ ಸುರು ಆಗಿತ್ತು. ಏನೇನು ಮಾಡ್ಲಿಲ್ಲ ಹೇಳ್ರಿ! ಕೌದಿ ಸುತ್ತಿ ಮ್ಯಾಲೆ ನನ್ನ ಸೀರಿ ಸೆರಗಿಲೆ ಕಟ್ಟಿದೆ, ಅತ್ತು ಅತ್ತು ಉಸಿರು ಕಟ್ಟಿತು, ಬಿಚ್ಚಿದೆ. ತೋಳಾಗ ಅವುಚಿಕೊಂಡೆ, ಮೀನಿನಂಗ ಜಾರಿ ಹೋಗಿ ಮಾಲು ಹಿಡಕೊಂಡು ಕಲ್ಲಿನ ಮ್ಯಾಲೆ ಮಲಗಿದ್ಲು. ಓಂಕಾಳು ಹುರದು ಬಟ್ಟಿಯಾಗ ಕಟ್ಟಿ ಎದಿಗೆ ಕಾವು ಕೊಟ್ಟೆ, ಬಳ್ಳೊಳ್ಳಿ ಎಣ್ಣಿ ಹಚ್ಚಿದೆ. ಕಾವು ಆರೋತನಕ ಆರಾಮ, ಆಮ್ಯಾಲೆ ಮತ್ತ ಅದ ಕೆಮ್ಮು. ನಿದ್ದಿಬಡಕಿ ಅಂತ ಹೆಸರು ತಗೊಂಡಾಕಿ ನಾನು ಕಣ್ಣಿಗೆ ಕಣ್ಣು ಹಚ್ಚಲಿಲ್ಲ. ಮುಟ್ಟಿ ನೋಡೋದು, ಅಂಗಾಲು ತಣ್ಣಗ. ಮತ್ತ ತಿಕ್ಕೋದು, ಮತ್ತ ತಣ್ಣಗ.

ಆಗ ನಮ್ಮನಿಯವರಿಗೆ ಒಂದು ಉಪಾಯ ಹೊಳೀತು. "ಕೂಸಿಗೆ ಮಾಲು ಬೇಕು, ನಮಗ ಬೆಚ್ಚಗಿರೋದು ಬೇಕು. ಮಾಲನ್ನ ರಜಾಯಿ ಮಾಡಿಬಿಟ್ರ? ಹಾವೂ ಸಾಯತೈತಿ, ಕೋಲೂ ಮುರಿಯಂಗಿಲ್ಲ" ಅಂದ್ರು. ಪಿಂಜಾರನ ತಲಿ ಮತ್ತೇನು ಯೋಚನಿ ಮಾಡೀತು? ಜಗತ್ತಿನಾಗಿನ ಯಾವ ಬಟ್ಟಿ ಕಂಡ್ರೂ ಅದರಾಗ ಹತ್ತಿ ತುಂಬೋದು ಒಂದ ಗೊತ್ತು ನಮಗ. ನಮ್ಮತ್ತಿಗೂ ಅದು ಖರೇ ಅನಿಸ್ತು, ನನಗೂ ಅನಿಸ್ತು. ಕೂಸು ಮಧ್ಯಾಹ್ನ ಬಿಸಿಲಾಗ ಮಲಗಿದ್ದಾಗ ರುಮಾಲು ಮೆಲ್ಲಕ ಬಿಡಿಸಿಕೊಂಡು, ನಡುವ ಮಡಚಿ, ನಮ್ಮ ಹಾಸಿಗಿ ದಿಂಬು ಹರದು ಅದರ ಹತ್ತಿ ತುಂಬಿ, ಮೂವರೂ ಕುಂತು ಟಾಕಿ ಹಾಕಿ ಹೊಲದ್ವಿ. ಚಂದ ಆಗಿತ್ತು. ನೋಡಿದ್ರ ಎತ್ತಿ ಮುದ್ದಾಡಬೇಕು, ಅಂಥಾ ಪುಟ್ಟ ರಜಾಯಿ.

ಹೊನ್ನೂರಿ ಎದ್ಲು. ಅಂಚು ಹುಡುಕಿದ್ಲು, ಸಿಗಲಿಲ್ಲ. ಮುಷ್ಟಿಯಾಗ ಹಿಡದ್ಲು, ದಪ್ಪಗಿತ್ತು, ಮುಷ್ಟಿ ಮುಚ್ಚಲಿಲ್ಲ. ಮೂಗಿಗೆ ತಿಕ್ಕೊಂಡ್ಲು, ಟಾಕಿ ದಾರ ಚುಚ್ಚಿತು. ನನ್ನ ಮುಖ ನೋಡಿದ್ಲು. ಆ ನೋಟ ನಾ ಸಾಯೋತನಕ ಮರಿಯಂಗಿಲ್ಲ, ಯಾರೋ ಪರಕೀಯರ ಮನಿಯಾಗ ತನ್ನ ಬಿಟ್ಟು ಹೋದಂಗ ನೋಡಿದ್ಲು. ಆಮ್ಯಾಲೆ ಅಳಾಕ ಹತ್ತಿದ್ಲು ನೋಡ್ರಿ. ಅಳು, ಕೆಮ್ಮು, ವಾಂತಿ, ಮತ್ತ ಅಳು. "ಬಿಚ್ಚರಿ, ಬಿಚ್ಚರಿ ಮೊದಲು" ಅಂತ ನಾನು ಹೊಲಿಗಿ ಕಿತ್ತೆ. ಜೀರ್ಣ ಆದ ಬಟ್ಟಿ, ಸೂಜಿ ಬಿದ್ದಲ್ಲೆಲ್ಲ ಬಿರುಕು ಬಿಟ್ಟಿತ್ತು. ದಾರ ಎಳದಂಗೆಲ್ಲ ಚರ್ ಚರ್ ಅಂತ ಹರದು ಕೈಯಾಗ ಚೂರು ಚೂರಾತು. ಒಂದು ಚೂರು ಕೈಗೆ ಕೊಟ್ರ ಬಿಸಾಕಿದ್ಲು. ಅದು ಆಕಿ ಮಾಲು ಅಲ್ಲ.

ಅಳು ಹೆಚ್ಚಾದಂಗ ಮೈ ಕಾದು ಕೆಂಡ ಆತು, ಕೈಕಾಲು ಮಾತ್ರ ಮಂಜು. ಮರುದಿನ ಪಕ್ಕೆಲುಬು ಒಳಗೊಳಗ ಸೆಳಿಯಾಕ ಹತ್ತಿದ್ವು. ನಮ್ಮನಿಯವರು ಬಳ್ಳಾರಿಗೆ ಹೊಂಟಿದ್ದ ಹತ್ತಿ ಬಂಡಿ ಹತ್ತಿ ಔಷಧಕ್ಕ ಹೋದ್ರು. ಬಯಲು ಗಾಳಿಗೆ ಬಂಡಿಯಾಗ ಕೂಸಿನ್ನ ಒಯ್ಯೋ ಧೈರ್ಯ ಯಾರಿಗೂ ಆಗಲಿಲ್ಲ. ಸಂಜಿಕಿ ನಮ್ಮತ್ತಿ, "ದರ್ಗಾಕ್ಕ ಹೋಗಿ ತಾಯಿತ ಮಂತ್ರಿಸಿಕೊಂಡು ಬರ್ತೀನಿ. ಕೂಸಿನ್ನ ಕೆಳಗ ಬಿಡಬ್ಯಾಡ, ಹತ್ತಿ ಹತ್ತರ ಬಿಡಬ್ಯಾಡ" ಅಂತ ಹೇಳಿ ಹೋದ್ಲು.

ಕೋಣಿಯಾಗ ನಾನು, ಕೂಸು, ಮೂಲ್ಯಾಗ ಎದಿಯೆತ್ತರ ಹಿಂಜಿ ಇಟ್ಟ ಮದುವಿ ಹತ್ತಿ. ತೊಡಿ ಮ್ಯಾಲೆ ಹಾಕ್ಕೊಂಡು ತೂಗೀನಿ, ತೂಗೀನಿ, ಅಳು ನಿಲ್ಲವಲ್ದು. ಅಳಾಕೂ ಶಕ್ತಿ ಇಲ್ಲ ಆಕಿಗೆ, ಕುಂಯ್ ಕುಂಯ್ ಅಂತಿದ್ಲು. ಬೆರಳು ಮಾತ್ರ ಗಾಳಿಯಾಗ ಅಂಚು ಹುಡುಕತಿದ್ವು. ಹಂಗ ಹುಡುಕೋ ಕೈ ರಾಶಿಗೆ ತಾಗ್ತು. ಒಂದು ಹಿಡಿ ಹತ್ತಿ ಕಿತ್ತಳು. ಮುಷ್ಟಿ ಮುಚ್ಚಿತು. ಮೂಗಿನ ಕೆಳಗ ತಿಕ್ಕೊಂಡ್ಲು. ಸುಮ್ಮನಾದ್ಲು.

ಸುಮ್ಮನಾದದ್ದು ಕಂಡು ನನಗ ಗಾಬರಿನ ಆತು, ಜೀವ ಹೋತೇನೋ ಅಂತ. ಇಲ್ಲ, ಉಸಿರಾಡತಿದ್ಲು. ಆಗ ನನ್ನ ತಲ್ಯಾಗ ಬಂತು: ಈಕಿ ಮ್ಯಾಲೆ ಏನೂ ಹಾಕಗೊಡಂಗಿಲ್ಲ, ಆದ್ರ ಕೆಳಗ, ಸುತ್ತ? ನಾವು ಹುಟ್ಟಿದಾಗಿಂದ ಮ್ಯಾಲೆ ಹೊದಿಸೋದನ್ನ ಕಲ್ತೀವಿ, ಯಾರಿಗೂ ಇದು ಹೊಳದಿಲ್ಲ. ಎದ್ದು ರಾಶಿ ನಡುವ ಎರಡೂ ಕೈಯಿಂದ ಗೂಡು ಮಾಡಿದೆ. ಸುಳ್ಳು ಯಾಕ ಹೇಳ್ಲಿ, ಮದುವಿ ಹತ್ತಿ, ಗೌಡರ ಹತ್ತಿ, ಅಮಾನತ್ತು, ಎಲ್ಲಾ ಗೊತ್ತಿತ್ತು ನನಗ. ಹಾಳಾಗಿ ಹೋಗ್ಲಿ ಮದುವಿ ಅಂದೆ. ಒಂದು ಮಣ್ಣು ಮಾಡೀನಿ, ಇನ್ನೊಂದು ಮಾಡಂಗಿಲ್ಲ. ಕೂಸಿನ್ನ ಅದರಾಗ ಇಳಿಸಿ, ಮುಖ ಬಿಟ್ಟು ಕುತ್ತಿಗಿತನಕ ಸುತ್ತಲೂ ಸಡಲ ಹತ್ತಿ ಒತ್ತರಿಸಿದೆ. ಒದೀಲಿಲ್ಲ. ಒದಿಯಾಕ ಮ್ಯಾಲೆ ಭಾರಾನ ಇರಲಿಲ್ಲ. ಹತ್ತಿ ಮೂಗಿಗೆ ಹೋದೀತಂತ ಪಕ್ಕಕ್ಕ ಕುಂತು ಮುಖ ನೋಡಿಕೊಂತ ಇದ್ದೆ.

ನಮ್ಮತ್ತಿ ಬಂದ್ಲು. ಬಾಗಲಾಗ ನಿಂತು ನೋಡಿದ್ಲು. ಕೈಯಾಗಿನ ತಾಯಿತ ಕೆಳಗ ಬಿತ್ತು. "ಏನು ಮಾಡಿದೆಲೇ ಹಾದರಗಿತ್ತಿ! ನಲವತ್ತು ವರ್ಷದ ಮಾನ ತಗದು ಬೆಂಕ್ಯಾಗ ಇಟ್ಟಿ!" ಅಂತ ಬಂದು ಕೂಸಿನ್ನ ಎತ್ತಾಕ ಹತ್ತಿಯೊಳಗ ಕೈ ಹಾಕಿದ್ಲು. ನಾನು ಅಡ್ಡ ಬಂದೆ. "ಎತ್ತಿದ್ರ ನನ್ನ ಹೆಣಾನೂ ಎತ್ತಬೇಕಾಗತೈತಿ ಅತ್ತಿ, ನೋಡ್ರಿ ಮತ್ತ" ಅಂದೆ. ಆಕಿ ಕೈ ಹತ್ತಿಯೊಳಗ ಕೂಸಿನ ಅಂಗಾಲು ಹುಡುಕಿ ಹಿಡದಿತ್ತು. ಹಂಗ ಹಿಡದ ನಿಂತ್ಲು. "ಬೆಚ್ಚಗಾಗ್ಯಾವ" ಅಂದ್ಲು. ಮತ್ತ ಸ್ವಲ್ಪ ಹೊತ್ತಿಗೆ, "ಎರಡೂ ಬೆಚ್ಚಗಾಗ್ಯಾವ ಲೇ" ಅಂದ್ಲು. ಕೈ ತಗೀಲಿಲ್ಲ, ಅಲ್ಲೇ ಕುಂತ್ಲು. ಬೆಳಗಾಗೋತನಕ ನಾನು ಕೂಸಿನ ಮುಖ ಕಾದೆ, ಆಕಿ ಅಂಗಾಲು ಕಾದ್ಲು.

ಬೆಳಿಗ್ಗೆ ಗೌಡಸಾನಿ ಮಗಳನ್ನ ಕರಕೊಂಡು ಗಾದಿಗೆ ಹೊಲಿಸಿದ ಗೌಸಣಿಗಿ ತೋರಸಾಕ ಬಂದ್ರು. ಹತ್ತಿಯಾಗ ಜಡ್ಡಿನ ಕೂಸು ಮಲಗಿದ್ದು ಕಂಡು ಮಗಳು "ಅವ್ವಾ!" ಅಂತ ಬಾಯಿ ಮುಚ್ಚಿಕೊಂಡ್ಲು. ಗೌಡಸಾನಿ ಮುಖ ಕಪ್ಪಿಟ್ಟಿತು. "ಯಾರು ಮಲಗಿಸಿದ್ದು ಇದನ್ನ?" ಅಂದ್ರು.

ನಾನು ಏಳಾಕ ಹೊಂಟಿದ್ದೆ. ನಮ್ಮತ್ತಿ ನನ್ನ ಭುಜ ಒತ್ತಿ ಕುಂದ್ರಿಸಿ ತಾನು ಎದ್ದು ನಿಂತ್ಲು. "ನಾನ್ರಿ ಅವ್ವಾರ" ಅಂದ್ಲು.

"ಹುಸೇನವ್ವ, ನೀನಾ?"

"ಹೂನ್ರಿ, ನಾನ. ಈಕಿ ಬ್ಯಾಡ ಬ್ಯಾಡ ಅಂತ ಕಾಲಿಗೆ ಬಿದ್ಲು. ನಾ ಕೇಳಲಿಲ್ಲ. ಮುದಿತಲಿ, ಬುದ್ಧಿ ಕೆಟ್ಟಿತು."

ಗೌಡಸಾನಿ ಬೈದಿದ್ರ ಚಲೋ ಇತ್ತು. ಬೈಲಿಲ್ಲ, ಕಣ್ಣಾಗ ನೀರು ತಂದ್ರು. "ನಿನ್ನ ಕೈ ನಂಬಿ ತೂಗದ ಕೊಟ್ಟಿದ್ದೆ ನಾನು" ಅಂದು, ಮಗಳ ಕೈ ಹಿಡಕೊಂಡು ಹೋಗಿಬಿಟ್ರು. ಮದುವಿ ಗಾದಿಗೆ ಬ್ಯಾರೆ ಹತ್ತಿ, ಬ್ಯಾರೆ ಪಿಂಜಾರರು ಬಂದ್ರು. ಆ ಹತ್ತಿ ಆಳುಮಕ್ಕಳ ಕೌದಿಗೆ ಹೋತು. ನಮ್ಮನಿಯವರು ತಂದ ಔಷಧ ಕುಡಿಸಿ, ಕೂಸಿನ ಉಸಿರು ಹದಕ್ಕ ಬಂದ ಮ್ಯಾಲೆ, ಬಿಸಿಲೇರಿದ ಹೊತ್ತಿನಾಗ ಬಳ್ಳಾರಿ ಹಾದಿ ಹಿಡದ್ವಿ. ಊರ ಹೆಣ್ಣುಮಕ್ಕಳು ಕಟ್ಟಿ ಮ್ಯಾಲೆ ನಿಂತು ನೋಡತಿದ್ರು. ನಮ್ಮತ್ತಿ ಸೆರಗು ಹಣಿಮಟ ಎಳಕೊಂಡು ನಡದ್ಲು.

ದಾರ್ಯಾಗ ಕೇಳಿದೆ, "ಯಾಕ ಹಂಗ ಅಂದ್ರಿ ಅತ್ತಿ?"

"ಸುಮ್ಮನ ನಡೀಲೇ. ನನ್ನ ತಿರುಗಾಟ ಮುಗೀತು. ನೀ ಇನ್ನೂ ಊರೂರು ತಿರುಗಿ ಹೊಟ್ಟಿ ಹೊರಕೋಬೇಕು" ಅಂದ್ಲು. ಅವತ್ತಿನಿಂದ ನಿದ್ದಿಬಡಕಿ ಅನ್ನೋ ಮಾತು ಆಕಿ ಬಾಯಿಂದ ಬರಲಿಲ್ಲ.

ಮುಂದಿನ ಚಳಿಗಾಲಕ್ಕ ಕುರುಗೋಡಿನ ಬಂಡಿಯವನೊಬ್ಬ ನಮ್ಮ ಬಾಗಲಿಗೆ ಬಂದ. "ಗೌಡಸಾನಿ ಹೇಳಿ ಕಳಿಸ್ಯಾರ, ಕೆಲಸ ಐತಂತ. ಮುದುಕಿ ಬ್ಯಾಡಂತ, ಸೊಸಿ ಬರ್ಲಿ ಅಂತ" ಅಂದ. ನಮ್ಮತ್ತಿ ಅಲ್ಲೇ ಹೊಸಲಿ ಮ್ಯಾಲೆ ಕುಂತಿದ್ಲು, ಎಲ್ಲಾ ಕೇಳಿದ್ಲು. ಎದ್ದು ಒಳಗ ಹೋಗಿ ಸೂಜಿ ದಾರದ ಗಂಟು ತಂದು ನನ್ನ ಕಂಕುಳಿಗೆ ಇಟ್ಲು. ಹೊನ್ನೂರಿನ್ನ ತನ್ನ ಹತ್ರ ಇಟ್ಕೊಂಡ್ಲು.

ಹೊಟ್ಟ್ಯಾಗ ಇಟ್ಕೊಳ್ಳೋ ಜಾತಿ ಅಲ್ಲ ನಾನು. ಕುರುಗೋಡಿಗೆ ಕಾಲಿಟ್ಟಾಕಿ ಮೊದಲು ಗೌಡಸಾನಿ ಮುಂದ ನಿಂತು ಇದ್ದದ್ದು ಇದ್ದಂಗ ಹೇಳಿಬಿಟ್ಟೆ. "ಮಲಗಿಸಿದಾಕಿ ನಾನ್ರಿ ಅವ್ವಾರ. ನಮ್ಮತ್ತಿ ಎತ್ತಾಕ ಬಂದ್ಲು, ನಾ ಎತ್ತಗೊಡಲಿಲ್ಲ. ಖರೇವಂದ್ರ ಖರೇವ" ಅಂತ ಆಣಿ ಮಾಡಿದೆ.

ಗೌಡಸಾನಿ ನನ್ನ ಮುಖ ನೋಡಿ ನಕ್ರು. "ಹೋಗವ್ವ ಹೋಗು. ಅತ್ತಿ ಮಾನ ಉಳಸಾಕ ತಪ್ಪು ತನ್ನ ತಲಿ ಮ್ಯಾಲೆ ಹಾಕ್ಕೊಳ್ಳೋ ಸೊಸಿ ಯಾವ ಮನಿಯಾಗ ಅದಾಳ? ಆ ಮುದುಕಿ ಪುಣ್ಯ ಮಾಡ್ಯಾಳ" ಅಂದು, ಹತ್ತಿ ಗಂಟು ತೂಗದ ನನ್ನ ಕೈಗೆ ಕೊಟ್ರು.